ಹುಂಜ ಮಗುವಿನ ಮೇಲೆ ಹಾರುತ್ತಿದ್ದರೆ ಏನು ಮಾಡಬೇಕು

ಕೊಡಗಿನಲ್ಲಿ ಮನೆ ಅಂದಮೇಲೆ ಮುಂದೊಂದು ಕಣ, ಬದಿಯಲ್ಲೊಂದು ಕೋಳಿಗೂಡು, ಸುತ್ತ ಕೆದಕುತ್ತಾ ತಿರುಗುವ ನಾಲ್ಕಾರು ನಾಟಿಕೋಳಿ ಸಾಮಾನ್ಯ. ತೋಟದ ಕೆಲಸಗಾರರು ಇರುವ ಸಾಲುಮನೆ, ಅಂದರೆ ಲೈನ್ ಮನೆಯಲ್ಲೂ ಹಾಗೇ. ಮಕ್ಕಳು ಆಡುವುದು ಆ ಕಣದಲ್ಲೇ. ಹುಂಜ ತನ್ನದು ಅಂದುಕೊಂಡಿರುವುದೂ ಆ ಕಣವನ್ನೇ. ಏಪ್ರಿಲ್ ರಜೆಗೆ ಬೆಂಗಳೂರು, ಮೈಸೂರಿನಿಂದ ಮೊಮ್ಮಕ್ಕಳು ಬಂದಾಗ ತೊಂದರೆ ಇನ್ನೂ ಜಾಸ್ತಿ. ಹುಂಜಕ್ಕೆ ಅವರ ಪರಿಚಯ ಇಲ್ಲ, ಮಕ್ಕಳಿಗೆ ಹುಂಜದ ಬುದ್ಧಿ ಗೊತ್ತಿಲ್ಲ, ಮೇಲಾಗಿ ಬಿಸಿಲು ಜಾಸ್ತಿಯಾಗಿ ಹಗಲು ಉದ್ದವಾಗುವ ಆ ದಿನಗಳಲ್ಲೇ ಹುಂಜದ ಸಿಟ್ಟೂ ಏರುತ್ತದೆ.

'ಕೋಳಿ ತಾನೇ, ಏನು ಮಾಡುತ್ತೆ' ಅಂತ ಮನೆಯಲ್ಲಿ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ದಯವಿಟ್ಟು ಆ ಮಾತು ಕೇಳಬೇಡಿ. ಹುಂಜ ಹಾರಿದರೆ ದೊಡ್ಡವರಿಗೆ ತಾಗುವುದು ತೊಡೆಯ ಹತ್ತಿರ. ಎರಡು ಮೂರು ವರ್ಷದ ಮಗುವಿಗೆ ಅದೇ ಎತ್ತರದಲ್ಲಿ ಮುಖ ಇರುತ್ತದೆ, ಕಣ್ಣು ಇರುತ್ತದೆ. ಹುಂಜ ಬರೀ ಕುಕ್ಕುವುದಿಲ್ಲ, ಎರಡೂ ಕಾಲು ಮುಂದೆ ಚಾಚಿ, ಕಾಲಿನ ಹಿಂಬದಿಯಲ್ಲಿರುವ ಚೂಪಾದ ಮುಳ್ಳಿನಿಂದ ಹೊಡೆಯುತ್ತದೆ. ದೊಡ್ಡವರಿಗೂ ಅಪಾಯ ಇಲ್ಲ ಅಂತಲ್ಲ. 2019ರಲ್ಲಿ ಆಸ್ಟ್ರೇಲಿಯಾದ ವೈದ್ಯರು ಒಂದು ಪ್ರಕರಣ ಬರೆದಿದ್ದಾರೆ. ಮೊಟ್ಟೆ ತೆಗೆಯಲು ಹೋದ 76 ವರ್ಷದ ಹೆಂಗಸಿನ ಕಾಲಿನ ಉಬ್ಬಿದ ರಕ್ತನಾಳಕ್ಕೆ ಹುಂಜ ಕುಕ್ಕಿ, ರಕ್ತ ಹೋಗಿ ಅವರು ತೀರಿಕೊಂಡರು. ಹಾಗಾಗಿ ಕಾಲಿನ ನರ ಉಬ್ಬಿರುವ ಅಜ್ಜಿಯರನ್ನೂ ಇಂಥ ಹುಂಜದ ಹತ್ತಿರ ಬರಿಗಾಲಲ್ಲಿ ಕಳಿಸಬೇಡಿ.

ಮೊದಲು ಬೇರೆ ಮಾಡಿ

ಹುಂಜ ಮಗುವಿನ ಮೇಲೆ ಒಂದು ಸಲ ಹಾರಿತು ಅಂದರೆ ಅವತ್ತೇ ಎರಡನ್ನೂ ಬೇರೆ ಮಾಡಿ. ಪಳಗಿಸುವುದು, ಮಾರುವುದು, ಯೋಚನೆ ಮಾಡುವುದು ಎಲ್ಲಾ ಆಮೇಲೆ. ತಕ್ಷಣಕ್ಕೆ ದೊಡ್ಡ ಬಿದಿರು ಬುಟ್ಟಿ ಕವುಚಿ ಮೇಲೊಂದು ಕಲ್ಲು ಇಟ್ಟರೂ ಸಾಕು, ನೆರಳಿರಲಿ, ಒಳಗೆ ನೀರಿರಲಿ. ಆದರೆ ದಿನಗಟ್ಟಲೆ ಬುಟ್ಟಿಯಲ್ಲೇ ಇಡಬೇಡಿ.

ಒಂದೆರಡು ದಿನದೊಳಗೆ ಒಂದು ಬೇಲಿ ಮಾಡಿಕೊಳ್ಳಿ. ಬಿದಿರಿನ ತಡಿಕೆ, ಕೋಳಿಬಲೆ, ಕಾಫಿ ನರ್ಸರಿಯಲ್ಲಿ ಉಳಿದ ನೆರಳುಬಲೆ, ಯಾವುದು ಇದೆಯೋ ಅದು. ನಾಟಿ ಹುಂಜ ಚೆನ್ನಾಗಿ ಹಾರುತ್ತದೆ, ಆರಡಿ ಎತ್ತರ ಬೇಕು, ಮೇಲೂ ಬಲೆ ಹಾಕಿದರೆ ಹದ್ದು, ಕಾಡುಬೆಕ್ಕಿನ ಭಯವೂ ತಪ್ಪುತ್ತದೆ. ಕೆಳಗಿನ ಎರಡು ಮೂರು ಅಡಿಗೆ ಮಾತ್ರ ಸಣ್ಣ ಕಣ್ಣಿನ, ಅರ್ಧ ಇಂಚಿನ ತಂತಿಬಲೆ ಹಾಕಿ. ದೊಡ್ಡ ಕಣ್ಣಿನ ಬಲೆಯಾದರೆ ಮಗು ಬೆರಳು ತೂರಿಸುತ್ತದೆ, ಹುಂಜ ಕಾಯುತ್ತಾ ನಿಂತಿರುತ್ತದೆ. ಬಾಗಿಲಿನ ಚಿಲಕ ಮಗುವಿನ ಕೈಗೆ ಸಿಗದ ಎತ್ತರದಲ್ಲಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆ ಹೇಗೆ ಅಂತ ಹೇಳಬೇಕಾಗಿಲ್ಲ ಅಲ್ವಾ, ಶೀಟು ಹೊದಿಸಿದ, ನೆಲದಿಂದ ಎತ್ತರದ ಮೂಲೆಯೊಂದು ಒಳಗೆ ಇರಲೇಬೇಕು. ಜೊತೆಗೆ ಹೇಂಟೆಗಳನ್ನೂ ಬಿಡಿ, ಒಂಟಿ ಮಾಡಬೇಡಿ.

ಬೇಲಿ ಹಾಕಲು ಜಾಗವೇ ಇಲ್ಲ ಅನ್ನುವವರು ಸಮಯ ಹಂಚಿಕೊಳ್ಳಿ. ಮಗು ಹೊರಗಿರುವಾಗ ಹುಂಜ ಗೂಡಿನಲ್ಲಿ, ಹುಂಜ ಹೊರಗಿರುವಾಗ ಮಗು ಒಳಗೆ. ಕಾಫಿ ಒಣಗಿಸುವ ದಿನಗಳಲ್ಲಿ ಕೋಳಿಗಳನ್ನು ಹೇಗೂ ಕಣದಿಂದ ದೂರ ಇಡುತ್ತೇವೆ, ಅದೇ ಅಭ್ಯಾಸವನ್ನು ವರ್ಷವಿಡೀ ಮುಂದುವರಿಸಿದರೆ ಆಯಿತು. ಈ ಕೆಲಸ ಒಬ್ಬರ ಹೆಸರಿಗೆ ಇರಲಿ. 'ಯಾರಾದರೂ ಮುಚ್ಚಿರ್ತಾರೆ' ಅಂತ ಎಲ್ಲರೂ ಅಂದುಕೊಂಡ ದಿನವೇ ಗೂಡಿನ ಬಾಗಿಲು ತೆರೆದಿರುತ್ತದೆ.

ಹಾರುವ ಮುಂಚೆ ಹುಂಜ ಸುಳಿವು ಕೊಡುತ್ತದೆ

ಕತ್ತಿನ ಪುಕ್ಕ ನಿಗುರುತ್ತದೆ. ತಲೆ ತಗ್ಗಿಸಿ ಒಂದೇ ಸಮನೆ ನೋಡುತ್ತದೆ. ಒಂದು ರೆಕ್ಕೆ ಕೆಳಗೆ ಇಳಿಬಿಟ್ಟು ಅಡ್ಡಡ್ಡ ಹೆಜ್ಜೆ ಹಾಕುತ್ತಾ ಹತ್ತಿರ ಬರುತ್ತದೆ. ಕೆಲವು ಹುಂಜ ಕಾಳು ಹೆಕ್ಕುವ ಹಾಗೆ ನೆಲ ಕುಕ್ಕುತ್ತಾ ಬರುತ್ತವೆ, ನೋಡಿದವರಿಗೆ ಪಾಪ ತಿನ್ನುತ್ತಿದೆ ಅನ್ನಿಸುತ್ತದೆ, ಆದರೆ ಗಮನ ಪೂರ್ತಿ ನಿಮ್ಮ ಮೇಲಿರುತ್ತದೆ. ಮನೆಯ ದೊಡ್ಡವರು, ಕೆಲಸಕ್ಕೆ ಬರುವವರು ಎಲ್ಲರಿಗೂ ಈ ಲಕ್ಷಣ ಗೊತ್ತಿರಬೇಕು. ಮಗು ಹತ್ತಿರದಲ್ಲಿದ್ದರೆ ಹುಂಜ ಓಡಿಸಲು ಹೋಗಬೇಡಿ. ಮೊದಲು ಮಗುವನ್ನು ಎತ್ತಿಕೊಳ್ಳಿ, ಹುಂಜದ ಕಡೆ ಮುಖ ಇಟ್ಟುಕೊಂಡೇ ನಿಧಾನವಾಗಿ ಸರಿಯಿರಿ. ಬೆನ್ನು ತಿರುಗಿಸಿ ಓಡಿದರೆ ತಾನು ಗೆದ್ದೆ ಅಂತ ಅದಕ್ಕೆ ಗೊತ್ತಾಗುತ್ತದೆ, ಮುಂದಿನ ಸಲ ಇನ್ನೂ ದೂರದಿಂದ ಬರುತ್ತದೆ.

ಆರೇಳು ತಿಂಗಳವರೆಗೆ ಸಾಧುವಾಗಿದ್ದದ್ದು ಇದ್ದಕ್ಕಿದ್ದಂತೆ ಹೀಗೇಕಾಯಿತು ಅಂತ ತುಂಬಾ ಜನ ಕೇಳುತ್ತಾರೆ. ಅದು ಪ್ರಾಯಕ್ಕೆ ಬರುವ ಕಾಲ. ಹೇಂಟೆಗಳನ್ನು ಕಾಯುವುದು ಅದರ ಕೆಲಸ, ಹದ್ದು ಬಂದಾಗ ಕೂಗಿ ಎಚ್ಚರಿಸುವುದೂ ಅದೇ ಹುಂಜ ಅನ್ನುವುದನ್ನು ಮರೆಯಬಾರದು. ಒಂಟಿ ಮರಿಯಾಗಿ ಕೈಯಲ್ಲೇ ಬೆಳೆದು, ಮುದ್ದಾಗಿ ತೊಡೆ ಮೇಲೆ ಕೂರುತ್ತಿದ್ದ ಹುಂಜಗಳೇ ಎಷ್ಟೋ ಸಲ ಕೆಟ್ಟದಾಗಿ ತಿರುಗುತ್ತವೆ. ಅವಕ್ಕೆ ಮನುಷ್ಯರ ಭಯ ಇರುವುದಿಲ್ಲ, ನಮ್ಮನ್ನು ಇನ್ನೊಂದು ಹುಂಜ ಅಂತಲೇ ಲೆಕ್ಕ ಹಾಕುತ್ತವೆ. ಹೇಂಟೆ ಕಡಿಮೆ, ಹುಂಜ ಜಾಸ್ತಿ ಆದರೂ ಜಗಳ ಏರುತ್ತದೆ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು.

ಪಳಗಿಸುವುದಾದರೆ ಹೀಗೆ

ಇದು ದೊಡ್ಡವರ ಕೆಲಸ, ಮಕ್ಕಳು ಮನೆಯೊಳಗೆ ಇರುವಾಗ ಮಾತ್ರ. ತೋಟಕ್ಕೆ ಹಾಕುವ ಗಂಬೂಟು ಹಾಕಿಕೊಳ್ಳಿ, ದಪ್ಪ ಪ್ಯಾಂಟು ಇರಲಿ. ಹುಂಜ ತಲೆ ತಗ್ಗಿಸಿ ಬಂದರೆ ನಿಂತಲ್ಲೇ ನಿಲ್ಲಿ, ಹಿಂದೆ ಸರಿಯಬೇಡಿ. ಆಮೇಲೆ ಅದರ ಕಡೆಗೇ ನಿಧಾನವಾಗಿ ನಡೆಯಿರಿ, ಅದು ದಾರಿ ಬಿಟ್ಟು ಬೇರೆ ಕಡೆ ನೋಡುವವರೆಗೂ. ಒದೆಯಬೇಡಿ. ಒದೆ ಅಂದರೆ ಹುಂಜದ ಭಾಷೆಯಲ್ಲಿ ಜಗಳಕ್ಕೆ ಒಪ್ಪಿಗೆ, ಅದು ಇನ್ನೂ ರೋಷದಿಂದ ಬರುತ್ತದೆ. ದೊಣ್ಣೆ ಬೀಸಿದರೆ ಕಾಲು ಮುರಿಯುತ್ತದೆ, ಬುದ್ಧಿ ಬರುವುದಿಲ್ಲ.

ಇನ್ನೊಂದು ಒಳ್ಳೆಯ ಉಪಾಯ ಎತ್ತಿಕೊಳ್ಳುವುದು. ಕೋಳಿಗೆ ಕತ್ತಲಲ್ಲಿ ಕಣ್ಣು ಸರಿಯಾಗಿ ಕಾಣದು, ಹಾಗಾಗಿ ರಾತ್ರಿ ಗೂಡಿನಲ್ಲಿ ಕೂತಿರುವಾಗ ಹಿಡಿಯುವುದು ಸುಲಭ. ರೆಕ್ಕೆ ಮೈಗೆ ಒತ್ತಿ ಕಂಕುಳಲ್ಲಿ ಇರಿಸಿ, ಇನ್ನೊಂದು ಕೈಯಲ್ಲಿ ಕಾಲು ಹಿಡಿದು, ಮೈ ಸಡಿಲ ಬಿಡುವವರೆಗೆ ಹತ್ತು ಹದಿನೈದು ನಿಮಿಷ ಓಡಾಡಿ. ಎದೆ ಮಾತ್ರ ಅಮುಕಬೇಡಿ. ಹಕ್ಕಿಗಳಿಗೆ ನಮ್ಮ ಹಾಗೆ ಎದೆ, ಹೊಟ್ಟೆಯ ನಡುವೆ ಉಸಿರಾಟಕ್ಕೆ ನೆರವಾಗುವ ವಪೆ ಇಲ್ಲ, ಎದೆಗೂಡು ಆಡಿದರೆ ಮಾತ್ರ ಉಸಿರು. ಸಂತೆಗೆ ಒಯ್ಯುವಾಗ ಮಾಡುವ ಹಾಗೆ ತಲೆಕೆಳಗೆ ನೇತಾಡಿಸಿದರೂ ಉಸಿರಾಡಲು ಕಷ್ಟ. ದಿನಾ ಹೀಗೆ ಮಾಡಿದರೆ ಎರಡು ಮೂರು ವಾರದಲ್ಲಿ ಫಲ ಗೊತ್ತಾಗುತ್ತದೆ, ಬದಲಾದರೆ ಸರಿ, ಇಲ್ಲದಿದ್ದರೆ ಇನ್ನೂ ಎಳೆಯುವುದರಲ್ಲಿ ಅರ್ಥವಿಲ್ಲ.

ಮುಳ್ಳಿನ ತುದಿ ಮೊಂಡು ಮಾಡಿದರೆ ಗಾಯ ಕಡಿಮೆ. ಹೊರಗೆ ಉಗುರಿನಂಥ ಕವಚ, ಒಳಗೆ ರಕ್ತ ಹರಿಯುವ ಮೂಳೆ, ಹಾಗಾಗಿ ಚೂಪಾದ ತುದಿ ಅಷ್ಟನ್ನೇ ನಾಯಿಯ ಉಗುರು ಕತ್ತರಿಸುವ ಕಟರ್‌ನಿಂದ ತೆಗೆದು ಅರದಿಂದ ಉಜ್ಜಿ. ಒಬ್ಬರು ಹಿಡಿದುಕೊಳ್ಳಲಿ. ರಕ್ತ ಬಂದರೆ ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಬಿಸಿ ಆಲೂಗಡ್ಡೆ ಚುಚ್ಚಿ ಮುಳ್ಳು ಕೀಳುವ ವಿಡಿಯೋಗಳನ್ನು ನೋಡಿ ಹಾಗೆ ಮಾಡಲು ಹೋಗಬೇಡಿ, ಪಾಪದ ಪ್ರಾಣಿಯ ಕಾಲು ಸುಡುತ್ತದೆ. ಮುಳ್ಳು ಮತ್ತೆ ಬೆಳೆಯುತ್ತದೆ, ಕೆಲವು ತಿಂಗಳಿಗೊಮ್ಮೆ ನೋಡುತ್ತಿರಬೇಕು.

ಇಷ್ಟೆಲ್ಲಾ ಮಾಡಿದ ಮೇಲೂ ಒಂದು ಮಾತು ನೆನಪಿರಲಿ. ಹುಂಜಕ್ಕೆ ಒಬ್ಬೊಬ್ಬರ ಗುರುತೂ ಇರುತ್ತದೆ. ನಿಮಗೆ ಹೆದರಿ ದಾರಿ ಬಿಟ್ಟಿತು ಅಂದರೆ ನಿಮ್ಮ ಮಗುವಿಗೂ ಬಿಡುತ್ತದೆ ಅಂತ ಅರ್ಥ ಅಲ್ಲ. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ, ಒಮ್ಮೆ ಮಗುವಿನ ಮೇಲೆ ಹಾರಿದ ಹುಂಜವನ್ನು ಮತ್ತೆ ಕಣದಲ್ಲಿ ಬಿಡಲೇಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಪಳಗಿದರೂ ಬೇಲಿಯೊಳಗೇ ಇರಲಿ.

ಮಕ್ಕಳಿಗೆ ಹೇಳಿಕೊಡುವುದು

ಪುಟ್ಟ ಮಕ್ಕಳಿಗೆ ಹೇಳಿಕೊಟ್ಟರೆ ಸಾಕಾಗದು, ದೊಡ್ಡವರು ಜೊತೆಗಿರಲೇಬೇಕು. ಸ್ವಲ್ಪ ದೊಡ್ಡವರಿಗೆ ಹೇಳಿ: ಕೋಳಿ ಅಟ್ಟಿಸಿಕೊಂಡು ಹೋಗಬಾರದು, ಮರಿ ಹಿಡಿಯಬಾರದು, ಮೂಲೆಗೆ ಒತ್ತರಿಸಬಾರದು, ಹುಂಜದ ಮುಂದೆ ಕುಕ್ಕರಗಾಲಲ್ಲಿ ಕೂರಬಾರದು. ಮರಿ ಮಾಡಿದ ಹೇಂಟೆಯೂ ಹುಂಜದಷ್ಟೇ ಜೋರಾಗಿ ಮೇಲೆ ಬೀಳುತ್ತದೆ. ಅಕ್ಕಿ ಕಾಳನ್ನು ಕೈಯಲ್ಲಿ ಹಿಡಿದು ತಿನ್ನಿಸುವುದು ಬೇಡ, ಬೇಲಿ ಆಚೆಯಿಂದ ಎರಚಲಿ. ಹುಂಜ ಬಂದರೆ ಮುಖವನ್ನು ಎರಡೂ ಕೈಯಿಂದ ಮುಚ್ಚಿಕೊಂಡು 'ಅಜ್ಜೀ' ಅಂತ ಜೋರಾಗಿ ಕೂಗಲು ಕಲಿಸಿ. ಕೋಳಿ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಲಿ.

ಗಾಯವಾದರೆ

ಹರಿಯುವ ನೀರು, ಸೋಪು, ಹದಿನೈದು ನಿಮಿಷ ತೊಳೆಯಿರಿ. ಕಾಫಿಪುಡಿ, ಸುಣ್ಣ ಮೆತ್ತಬೇಡಿ. ಮುಳ್ಳಿನ ಗಾಯ ಹೊರಗೆ ಸಣ್ಣ ತೂತಿನಂತೆ ಕಂಡರೂ ಒಳಗೆ ಆಳವಾಗಿರುತ್ತದೆ, ಕೆದಕಿದ ಮಣ್ಣು, ಹಿಕ್ಕೆ ಒಳಗೆ ಹೋಗಿರುತ್ತದೆ. ಹಾಗಾಗಿ ಡಾಕ್ಟರಿಗೆ ತೋರಿಸಿ, ಧನುರ್ವಾಯು ತಡೆಯುವ ಚುಚ್ಚುಮದ್ದು ಬೇಕೋ ಕೇಳಿ, ಮಗುವಿನ ಲಸಿಕೆ ಕಾರ್ಡು ತೆಗೆದುಕೊಂಡು ಹೋಗಿ. ತಲೆ, ಮುಖದ ಗಾಯವನ್ನು ಸಣ್ಣದು ಅಂತ ಬಿಡಬಾರದು. ಮರುದಿನ ಊತ, ಕೆಂಪು, ಕೀವು, ಜ್ವರ ಬಂದರೆ ಮತ್ತೆ ಹೋಗಲೇಬೇಕು. ರೇಬಿಸ್ ಭಯ ಬೇಡ, ಅದು ನಾಯಿ, ಬೆಕ್ಕಿನಂಥ ಹಾಲೂಡುವ ಪ್ರಾಣಿಗಳಿಂದ ಬರುವ ಕಾಯಿಲೆ.

ಕಣ್ಣಿಗೆ ತಾಗಿದರೆ ಮಾತ್ರ ಕತೆ ಬೇರೆ. ಉಜ್ಜಬೇಡಿ, ಒತ್ತಬೇಡಿ, ಮನೆಯ ಯಾವ ಹನಿಯನ್ನೂ ಹಾಕಬೇಡಿ. ಕಣ್ಣಿನ ಮೇಲೆ ಒತ್ತಡ ಬೀಳದ ಹಾಗೆ ಸಣ್ಣ ಪೇಪರ್ ಕಪ್ ಇಟ್ಟು ಟೇಪು ಹಚ್ಚಿ, ಕೂಡಲೇ ಹೊರಡಿ. ತೋಟದ ಮನೆಯಿಂದ ಆಸ್ಪತ್ರೆಗೆ ಗಂಟೆಗಟ್ಟಲೆ ದಾರಿ ಇರಬಹುದು, ಹೊರಡುವಾಗಲೇ ಫೋನ್ ಮಾಡಿ ಕಣ್ಣಿನ ಡಾಕ್ಟರ್ ಇದ್ದಾರಾ ಅಂತ ಕೇಳಿಕೊಳ್ಳಿ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಹುಂಜವನ್ನು ಏನು ಮಾಡುವುದು

ಸಣ್ಣ ಮಕ್ಕಳಿಲ್ಲದ, ಹೇಂಟೆ ಜಾಸ್ತಿ ಇರುವ ನೆಂಟರ ಮನೆಗೆ ಕೊಡಬಹುದು, ಆದರೆ ಹಾರುತ್ತದೆ ಅನ್ನುವುದನ್ನು ಮುಚ್ಚಿಡಬೇಡಿ. ಸಂತೆಯಲ್ಲಿ ಮಾರಿದರೂ ಅಷ್ಟೇ. ರೋಷದ ಹುಂಜ ಅಂದರೆ ಕೋಳಿ ಅಂಕದವರು ಒಳ್ಳೆ ದುಡ್ಡು ಕೊಡಲು ಬರುತ್ತಾರೆ. ಅವರಿಗೆ ಮಾತ್ರ ಕೊಡಬೇಡಿ. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಅದಕ್ಕಿಂತ ಹೆಚ್ಚಾಗಿ, ನಮ್ಮ ಅಂಗಳದಲ್ಲಿ ಬೆಳೆದ ಜೀವಕ್ಕೆ ಅಂಥ ಸಾವು ಬರಬಾರದು. ಸಾರು ಮಾಡುವುದಾದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ನಾಟಿ ಹುಂಜವನ್ನು ನಮ್ಮಲ್ಲಿ ಸಾಕುವುದು ಅದಕ್ಕೂ ಹೌದು. ಮಗುವಿನ ಎದುರು ಮಾತ್ರ ಮಾಡಬೇಡಿ, ತನ್ನಿಂದಲೇ ಹೀಗಾಯಿತು ಅಂತ ಮಕ್ಕಳು ಮನಸ್ಸಿಗೆ ಹಚ್ಚಿಕೊಳ್ಳುತ್ತವೆ.

ಮೊಟ್ಟೆಗೆ ಹುಂಜವೇ ಬೇಕಾಗಿಲ್ಲ, ಹೇಂಟೆಗಳು ಹುಂಜ ಇಲ್ಲದೆಯೂ ಮೊಟ್ಟೆ ಇಡುತ್ತವೆ. ಮರಿ ಮಾಡಿಸಬೇಕು ಅನ್ನುವವರು ಮುಂದಿನ ಹುಂಜವನ್ನು ನೋಡಿ ಆರಿಸಿ. ಈ ಸಿಟ್ಟು ತಂದೆಯಿಂದ ಮರಿಗೂ ಬರುತ್ತದೆ, ಹಾಗಾಗಿ ಹಾರುವ ಹುಂಜ ಇದ್ದಾಗಿನ ಮೊಟ್ಟೆಗಳನ್ನು ಕಾವಿಗೆ ಇಡಬೇಡಿ. ಅದನ್ನು ಕಳಿಸಿದ ಮೇಲೂ ಮೂರು ನಾಲ್ಕು ವಾರ ಮೊಟ್ಟೆಗಳನ್ನು ತಿನ್ನಲಷ್ಟೇ ಬಳಸಿ, ಆಮೇಲೆ ಕಾವಿಗೆ ಕೂರಿಸಿ.