ಟೆಕ್ಸಸ್‌ಗೆ ಹೊಸದಾಗಿ ಬಂದೋರಿಗೆ: ಚಳೀಲಿ ಕರೆಂಟ್ ಹೋದ್ರೆ, ಜನರೇಟರ್ ವಿಷಯ

ಟೆಕ್ಸಸ್ ಅಂದ್ರೆ ಬರೀ ಬಿಸಿಲು ಅಂತ ನಂಬ್ಕೊಂಡು ಬಂದಿರೋರು ಇದನ್ನ ದಯವಿಟ್ಟು ಪೂರ್ತಿ ಓದಿ. 2021ರ ಫೆಬ್ರವರಿ 15ರ ನಸುಕಲ್ಲಿ ಗ್ರಿಡ್ (ರಾಜ್ಯದ ಕರೆಂಟ್ ಜಾಲ) ಕುಸೀಬಾರ್ದು ಅಂತ ಕರೆಂಟ್ ತೆಗೆಯೋಕೆ ಶುರು ಮಾಡಿದ್ರು, ಸರದಿ ಪ್ರಕಾರ ಬರುತ್ತೆ ಅಂದ್ಕೊಂಡ್ರೆ ಎಷ್ಟೋ ಏರಿಯಾಗಳಿಗೆ ದಿನಗಟ್ಟಲೆ ಬರ್ಲೇ ಇಲ್ಲ, ಆಸ್ಟಿನ್‌ನಲ್ಲಿ ನಮ್ಮನೇಗೂ. ಆವಾಗ ಗ್ಯಾರೇಜ್ ಒಳಗೆ ಕಾರ್ ಸ್ಟಾರ್ಟ್ ಮಾಡ್ಕೊಂಡು ಕೂತೋರು, ಇದ್ದಿಲಿನ ಗ್ರಿಲ್‌ನ ಹಾಲ್‌ಗೆ ತಂದೋರು, ಜನರೇಟರ್‌ನ ಬಾಗಿಲ ಹತ್ರ ಇಟ್ಟೋರು ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿ ಕುಡಿದು ಆಸ್ಪತ್ರೆ ಸೇರಿದ್ರು, ಕೆಲವ್ರು ಬದುಕ್ಲಿಲ್ಲ.

ಊರಲ್ಲಿ ಬಾಣಂತಿ ಕೋಣೇಲಿ ಅಗ್ಗಿಷ್ಟಿಕೆ ಇಟ್ಟು ಸಾಂಬ್ರಾಣಿ ಹಾಕೋದು ನೋಡಿ ಬೆಳೆದೋರು ನಾವು, ಕೆಂಡ ಅಂದ್ರೆ ನಮಗೆ ಭಯ ಇಲ್ಲ. ಆದ್ರೆ ಹೆಂಚಿನ ಮನೇಲಿ ಸಂದೀಲೆಲ್ಲ ಗಾಳಿ ಆಡ್ತಿತ್ತು, ಇಲ್ಲಿ ಇನ್ಸುಲೇಷನ್ ತುಂಬಿ ಮನೇನ ಬಿಗಿಯಾಗಿ ಮುಚ್ಚಿರ್ತಾರೆ, ಕೆಂಡದ ವಿಷಗಾಳಿ ಒಳಗೇ ತುಂಬ್ಕೊಳ್ಳುತ್ತೆ. ಬಾಣಂತನಕ್ಕೆ ಬಂದಿರೋ ಅಮ್ಮನಿಗೆ ಇದನ್ನ ಪಕ್ಕ ಕೂರಿಸ್ಕೊಂಡು ಹೇಳಿ.

ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರ ಬಯಲಲ್ಲೇ ಇರ್ಬೇಕು, ಹೊಗೆ ಕೊಳವೆ ಮನೆ ಕಡೆ ತಿರುಗಿರಬಾರ್ದು, ಪಕ್ಕದ ಮನೆ ಕಿಟಕಿ ಕಡೆಗೂ ಬೇಡ. ಗ್ಯಾರೇಜ್ ಬಾಗಿಲು ಪೂರ್ತಿ ತೆಗೆದಿದೀನಲ್ಲ ಅನ್ನೋದು ನಡೆಯಲ್ಲ. ವೈರ್ ತರೋಕೆ ತೆಗೆದ ಸಂದಿಗೆ ಟವೆಲ್ ತುರುಕಿ, ಅಲ್ಲಿಂದ್ಲೂ ಹೊಗೆ ಒಳಗೆ ಬರುತ್ತೆ. ಪೆಟ್ರೋಲ್ ಹಾಕೋ ಮುಂಚೆ ಆಫ್ ಮಾಡಿ, ಇಂಜಿನ್ ತಣ್ಣಗಾಗೋವರೆಗೂ ಕಾಯಿರಿ, ಎಷ್ಟೇ ಚಳಿ ಇದ್ರೂ.

ಇನ್ನು ಬಿಸಿ ಮಾಡೋ ಲೆಕ್ಕ. ನಿಮ್ಮನೇದು ಗ್ಯಾಸ್ ಫರ್ನೇಸ್ (ಗ್ಯಾಸ್ ಉರಿಸಿ ಮನೆ ಬಿಸಿ ಮಾಡೋ ಯಂತ್ರ) ಆದ್ರೆ ಪುಣ್ಯ, ಬಿಸಿ ಗ್ಯಾಸಿಂದಾನೇ ಬರುತ್ತೆ, ಕರೆಂಟ್ ಬೇಕಾಗೋದು ಮುಖ್ಯವಾಗಿ ಬಿಸಿ ಗಾಳಿ ತಳ್ಳೋ ಫ್ಯಾನ್‌ಗೆ (ಬ್ಲೋವರ್), ಅದನ್ನ ಸಾಧಾರಣ ಜನರೇಟರೇ ಎಳೆಯುತ್ತೆ, ಆದ್ರೆ ಎಲೆಕ್ಟ್ರಿಷಿಯನ್ ಕೈಲಿ ಟ್ರಾನ್ಸ್‌ಫರ್ ಸ್ವಿಚ್ (ಮನೇನ ಬೀದಿ ಲೈನಿಂದ ಬಿಡಿಸಿ ಜನರೇಟರ್‌ಗೆ ಸೇರಿಸೋ ಸ್ವಿಚ್) ಮೊದ್ಲೇ ಹಾಕಿಸಿರ್ಬೇಕು. ಪೂರ್ತಿ ಎಲೆಕ್ಟ್ರಿಕ್ ಹೀಟಿಂಗ್ ಇರೋ ಮನೇನ ಸಣ್ಣ ಜನರೇಟರ್ ಎಳೆಯಲ್ಲ, ಆಸೆ ಬಿಡಿ. ಎಲ್ಲರೂ ಒಂದೇ ರೂಮ್‌ಗೆ ಸೇರ್ಕೊಂಡು ಒಂದು 1500 ವ್ಯಾಟ್ ಹೀಟರ್ ಹಾಕ್ಕೊಳ್ಳಿ, ಅದಕ್ಕೆ ದಪ್ಪ 12 ಗೇಜ್ ಔಟ್‌ಡೋರ್ ವೈರೇ ಬೇಕು, ತೆಳು ವೈರ್ ಕಾದು ಬೆಂಕಿ ಹತ್ತುತ್ತೆ.

ಎರಡೂ ತುದೀಲಿ ಪ್ಲಗ್ ಇರೋ ವೈರ್ ಮಾಡಿ ಜನರೇಟರಿಂದ ಬಟ್ಟೆ ಒಣಗಿಸೋ ಡ್ರೈಯರ್ ಸಾಕೆಟ್‌ಗೆ ಚುಚ್ಚೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳಲೇಬೇಡಿ. ನಿಮ್ಮನೆ ಕರೆಂಟ್ ಉಲ್ಟಾ ಹೋಗಿ ಬೀದಿ ಟ್ರಾನ್ಸ್‌ಫಾರ್ಮರ್‌ನಲ್ಲಿ ಸಾವಿರಾರು ವೋಲ್ಟ್ ಆಗುತ್ತೆ, ಆ ಚಳೀಲಿ ಕಂಬ ಹತ್ತಿ ನಿಮಗೋಸ್ಕರ ಲೈನ್ ಸರಿ ಮಾಡ್ತಿರೋನ ಜೀವ ಹೋಗುತ್ತೆ.

ಬ್ಯಾಟರಿ ಇರೋ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇವತ್ತೇ ತಗೊಳ್ಳಿ, ಮಲಗೋ ರೂಮ್‌ಗಳ ಹತ್ರ ಹಾಕಿ. ಈ ಗ್ಯಾಸ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆನೋವು, ವಾಕರಿಕೆ, ತಲೆ ಸುತ್ತು ಬರುತ್ತೆ, ಫ್ಲೂ ಅನ್ಕೊಂಡು ಮಲಗಿಬಿಡ್ತಾರೆ. ಮನೇಲಿ ಇಬ್ಬರಿಗೆ ಒಟ್ಟಿಗೆ ಹಂಗಾದ್ರೆ, ಇಲ್ಲಾ ಅಲಾರಂ ಕೂಗಿದ್ರೆ, ಮಕ್ಕಳನ್ನ ಎತ್ಕೊಂಡು ಕಂಬಳಿ ಸಮೇತ ಹೊರಗೆ ಬಂದು 911ಗೆ ಫೋನ್ ಮಾಡಿ, ಫೈರ್‌ನೋರು ಬಂದು ಚೆಕ್ ಮಾಡಿ ಸರಿ ಅನ್ನೋವರೆಗೂ ಒಳಗೆ ಹೋಗ್ಬೇಡಿ.