ಪ್ಯಾಕೆಟ್ ನೀರು ಕೆರೆಗೆ ಬೀಳಬಾರದು: ಮೀನುಮರಿ ಬಿಡುವ ಮುನ್ನ ಮಾಡಬೇಕಾದ ಕೆಲಸ

ನಾಲೆಗೆ ನೀರು ಬಿಟ್ಟು ಮಂಡ್ಯ ಸೀಮೆಯ ಕೆರೆಗಳು ತುಂಬತೊಡಗಿದರೆ, ಹಿಂದೆಯೇ ಮೀನುಮರಿ ಗಾಡಿಗಳೂ ಬರುತ್ತವೆ. ಏರಿಯ ಮೇಲೆ ನಿಂತು ಪ್ಯಾಕೆಟ್ಟಿನ ಬಾಯಿ ಬಿಚ್ಚಿ ನೀರು, ಮರಿ ಎಲ್ಲವನ್ನೂ ಒಟ್ಟಿಗೆ ಸುರಿಯುವುದು ಬಹಳ ಕಡೆ ರೂಢಿ. ಆ ನೀರಿನಲ್ಲಿ ಜಿಲೇಬಿ (ತಿಲಾಪಿಯಾ) ಮೀನಿನ ಮರಿ, ಮೀನು ಹೇನು, ಬಸವನಹುಳುವಿನ ಮೊಟ್ಟೆ, ಅಂತರಗಂಗೆ ಎಂಬ ನೀರುಕಳೆಯ ಚೂರು ಏನು ಬೇಕಾದರೂ ಇರಬಹುದು. ಮದ್ದೂರು, ಮಳವಳ್ಳಿ ಕಡೆಯ ಕೆರೆ ಕೋಡಿ ಬಿದ್ದರೆ ಅವೆಲ್ಲ ಶಿಂಷೆಗೆ, ಅಲ್ಲಿಂದ ಕಾವೇರಿಗೆ ಸೇರುತ್ತವೆ. ಕಾವೇರಿ ಕೊಳ್ಳದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಡುಬ್ಬದ ಮಹಶೀರ್ ಮೀನು 2018ರಲ್ಲಿ ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿತು. ಹೊರಗಿನಿಂದ ತಂದು ಬಿಟ್ಟ ಇನ್ನೊಂದು ಜಾತಿಯ ಮಹಶೀರ್ ಅದರ ಜಾಗ ಹಿಡಿದದ್ದು ಇದಕ್ಕೆ ಒಂದು ಕಾರಣ.

ಹಡಗುಗಳದ್ದೂ ಇದೇ ಸಮಸ್ಯೆ. ಸರಕಿಲ್ಲದಾಗ ತೂಕಕ್ಕೆಂದು ಒಂದು ಬಂದರಿನಲ್ಲಿ ತುಂಬಿಕೊಂಡ ಬ್ಯಾಲಸ್ಟ್ ನೀರನ್ನು ಇನ್ನೊಂದು ಬಂದರಿನಲ್ಲಿ ಚೆಲ್ಲಿದಾಗ ಪರಸ್ಥಳದ ಜೀವಿಗಳು ಅಲ್ಲಿ ನೆಲೆಯೂರುತ್ತವೆ. ಅದನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದ 2004ರಲ್ಲಿ ಆಗಿ, 2017ರ ಸೆಪ್ಟೆಂಬರ್ 8ರಂದು ಜಾರಿಗೆ ಬಂತು. ಹೊರಬಿಡುವ ಒಂದು ಘನ ಮೀಟರ್ ನೀರಿನಲ್ಲಿ 50 ಮೈಕ್ರಾನ್ (ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲು) ಅಥವಾ ಅದಕ್ಕಿಂತ ದೊಡ್ಡ ಗಾತ್ರದ ಜೀವಂತ ಜೀವಿಗಳು 10ಕ್ಕಿಂತ ಕಡಿಮೆ ಇರಬೇಕು ಎಂಬುದು ಅದರ ಅಳತೆಗಳಲ್ಲೊಂದು. ಕ್ಲೋರಿನ್ ಬಳಸುವ ಹಡಗುಗಳಲ್ಲಿ ಸಾಮಾನ್ಯವಾಗಿ ಮೊದಲು ಸೋಸುತ್ತಾರೆ, ಆಮೇಲೆ ಕ್ಲೋರಿನ್ ಹಾಕುತ್ತಾರೆ, ಹೊರಬಿಡುವ ಮುನ್ನ ಉಳಿದ ಕ್ಲೋರಿನ್ನಿನ ವಿಷ ತೆಗೆಯುತ್ತಾರೆ. ಕೆರೆಯ ದಡದಲ್ಲೂ ಇದೇ ಕ್ರಮ ಸಾಕು.

ಜಾಗ ಮೊದಲು ಗೊತ್ತುಮಾಡಿಕೊಳ್ಳಿ. ಏರಿಯ ಇಳಿಜಾರು ಬೇಡ. ಚೆಲ್ಲಿದ ನೀರು ಕೆರೆಗೂ ಹರಿಯಬಾರದು, ನಾಲೆಗೂ ಹರಿಯಬಾರದು. ನೆರಳಿರುವ ಸಮತಟ್ಟು ಜಾಗದಲ್ಲಿ ಎರಡು ದೊಡ್ಡ ಪ್ಲಾಸ್ಟಿಕ್ ತೊಟ್ಟಿ, 200 ಲೀಟರಿನ ಒಂದು ಪ್ಲಾಸ್ಟಿಕ್ ಡ್ರಮ್, ಬಿಳಿ ಬೇಸಿನ್, ಕೈಬಲೆ, ದಟ್ಟ ನೇಯ್ಗೆಯ ಬಟ್ಟೆ, ಬ್ಯಾಟರಿಯಲ್ಲಿ ನಡೆಯುವ ಏರ್ ಪಂಪ್ ಇಟ್ಟುಕೊಳ್ಳಿ. ಬ್ಲೀಚಿಂಗ್ ಪುಡಿಗೆ ಬಳಸುವ ಬಕೆಟ್ಟಿಗೆ ಕೆಂಪು ಪಟ್ಟಿ ಸುತ್ತಿ ಗುರುತು ಮಾಡಿ. ಅದರಲ್ಲಿ ಮರಿ ಎತ್ತಿದರೆ, ತಳದಲ್ಲಿ ಉಳಿದ ಚೂರೇ ಚೂರು ಕ್ಲೋರಿನ್ ಕಿವಿರು ಸುಟ್ಟು ಮರಿಗಳನ್ನು ಕೊಲ್ಲುತ್ತದೆ.

ತೊಟ್ಟಿಗಳಿಗೆ ಮರಿ ಬಿಡಲಿರುವ ಕೆರೆಯ ನೀರನ್ನೇ ತುಂಬಿ. ಬೋರ್‌ವೆಲ್ ನೀರಿನಲ್ಲಿ ಆಮ್ಲಜನಕ ಕಡಿಮೆ. ಬೇರೆ ದಾರಿಯಿಲ್ಲದಿದ್ದರೆ ಹಿಂದಿನ ರಾತ್ರಿಯೇ ಎತ್ತರದಿಂದ ಸುರಿದು ತುಂಬಿ, ಬೆಳಗಿನವರೆಗೆ ಗಾಳಿಯಾಡಿಸಿ.

ಪ್ಯಾಕೆಟ್ಟನ್ನು ಕೆರೆಯಲ್ಲಿ ತೇಲಿಬಿಡಬೇಡಿ, ಅದರ ಹೊರಮೈಯಲ್ಲೂ ಬೇರೆ ಕೊಳದ ಕೆಸರು ಅಂಟಿರುತ್ತದೆ. ತೊಟ್ಟಿಯಲ್ಲೇ 15ರಿಂದ 20 ನಿಮಿಷ, ಬಾಯಿ ಕಟ್ಟಿದ್ದ ಹಾಗೆಯೇ ತೇಲಿಸಿದರೆ ಒಳಗಿನ ನೀರಿಗೂ ಹೊರಗಿನ ನೀರಿಗೂ ಬಿಸಿ ಸಮವಾಗುತ್ತದೆ. ಮರಿ ಹತ್ತಿರದಿಂದ ಬಂದಿದ್ದರೆ ಬಾಯಿ ಬಿಚ್ಚಿ, ಐದು ನಿಮಿಷಕ್ಕೊಮ್ಮೆ ಒಂದೊಂದು ಚೊಂಬು ತೊಟ್ಟಿ ನೀರು ಸೇರಿಸುತ್ತ ಒಗ್ಗಿಸಬಹುದು. ಬೇರೆ ರಾಜ್ಯದಿಂದ ರಾತ್ರಿಯಿಡೀ ಪಯಣಿಸಿ ಬಂದ ಮರಿಗೆ ಹೀಗೆ ಮಾಡಬಾರದು. ಕಟ್ಟಿದ ಪ್ಯಾಕೆಟ್ಟಿನಲ್ಲಿ ಮರಿಗಳು ಬಿಟ್ಟ ಇಂಗಾಲದ ಡೈಆಕ್ಸೈಡ್ ನೀರನ್ನು ಹುಳಿಯಾಗಿಸಿ, ಕೂಡಿಕೊಂಡ ಅಮೋನಿಯಾ ಹೆಚ್ಚು ವಿಷವಾಗದಂತೆ ತಡೆದಿರುತ್ತದೆ. ಬಾಯಿ ಬಿಚ್ಚಿದೊಡನೆ ಆ ಅನಿಲ ಹಾರಿಹೋಗುತ್ತದೆ, ನೀರಿನ ಹುಳಿ ತಗ್ಗಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ಮರಿಗಳನ್ನು ಕೊಲ್ಲತೊಡಗುತ್ತದೆ. ದೂರದಿಂದ ಬಂದ ಮರಿಯನ್ನು ಬಿಚ್ಚಿದ ಕೂಡಲೇ ಕೈಬಲೆಯಲ್ಲಿ ಎತ್ತಿ ತೊಟ್ಟಿಗೆ ಹಾಕಿ, ಏರ್ ಪಂಪ್ ಹಚ್ಚಿ, ಒಂದೆರಡು ಗಂಟೆ ಸುಧಾರಿಸಿಕೊಳ್ಳಲು ಬಿಡಿ. ಪ್ಯಾಕೆಟ್ಟಿನ ನೀರು ಬಟ್ಟೆಯಲ್ಲಿ ಸೋಸಿಕೊಂಡು ಡ್ರಮ್ಮಿಗೆ ಹೋಗಲಿ.

ನಂತರ ಸ್ವಲ್ಪ ಸ್ವಲ್ಪವೇ ಮರಿಗಳನ್ನು ಬಿಳಿ ಬೇಸಿನ್ನಿಗೆ ಬಿಟ್ಟು ಆರಿಸಿ. ಇದು ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಜಿಲೇಬಿ ಮರಿಯ ಬೆನ್ನಿನ ರೆಕ್ಕೆ ಮುಳ್ಳುಮುಳ್ಳು, ಮೈಮೇಲೆ ಅಡ್ಡಪಟ್ಟೆ, ರೆಕ್ಕೆಯ ಹಿಂಭಾಗದಲ್ಲಿ ಒಂದು ಕಪ್ಪು ಮಚ್ಚೆ. ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್ ಮರಿಗೆ ಹುರುಪೆಯಿಲ್ಲ, ನಾಲ್ಕು ಜೊತೆ ಮೀಸೆ, ಬೆನ್ನುದ್ದಕ್ಕೂ ರೆಕ್ಕೆ. ಸಾಮಾನ್ಯ ಗೆಂಡೆಗೂ ಮೀಸೆಯಿದೆ, ಆದರೆ ಎರಡೇ ಜೊತೆ. ಮೀಸೆ ಕಂಡದ್ದನ್ನೆಲ್ಲ ಎಸೆಯಬೇಡಿ. ಮೈಗೆ ಚಪ್ಪಟೆಯಾಗಿ ಅಂಟಿ ಹರಿದಾಡುವ ಮೀನು ಹೇನು, ದಾರದ ತುಂಡಿನಂತೆ ಜೋತುಬಿದ್ದ ಲಂಗರು ಹುಳು ಹಲವು ಮರಿಗಳಲ್ಲಿ ಕಂಡರೆ ಆ ತಂಡವನ್ನೇ ವಾಪಸು ಕಳಿಸಿ. ಅವು ಉಪ್ಪಿಗೆ ಪೂರ್ತಿ ಜಗ್ಗುವುದಿಲ್ಲ.

ಚರ್ಮ, ಕಿವಿರಿಗೆ ಅಂಟಿದ ಸಣ್ಣ ಪರೋಪಜೀವಿಗಳಿಗೆ ಉಪ್ಪುನೀರಿನ ಸ್ನಾನ ಒಳ್ಳೆಯದು. 10 ಲೀಟರ್ ನೀರಿಗೆ 200 ಗ್ರಾಂ ಕಲ್ಲುಪ್ಪು ಹಾಕಿ, ಹರಳು ಒಂದೂ ಉಳಿಯದಂತೆ ಕದಡಿ, ಮರಿಗಳನ್ನು ಬಲೆ ಸಮೇತ 2ರಿಂದ 3 ನಿಮಿಷ ಅದ್ದಿ. ಅಷ್ಟರೊಳಗೆ ಮರಿ ಮಗುಚಿಕೊಂಡರೆ ಗಡಿಯಾರ ನೋಡದೆ ಎತ್ತಿಬಿಡಿ. ಮೂರು ನಾಲ್ಕು ಸಲ ಅದ್ದಿದ ಮೇಲೆ ಉಪ್ಪುನೀರು ಬದಲಿಸಿ, ಹಳೆಯದನ್ನು ಡ್ರಮ್ಮಿಗೇ ಹಾಕಿ.

ಇನ್ನು ಡ್ರಮ್. ಇಲ್ಲಿ ಆಗುವ ದೊಡ್ಡ ತಪ್ಪು ಎಂದರೆ ಕುಡಿಯುವ ನೀರಿಗೆ ಹಾಕುವಷ್ಟೇ ಬ್ಲೀಚಿಂಗ್ ಪುಡಿ ಹಾಕಿ ಸುಮ್ಮನಾಗುವುದು. ಪ್ಯಾಕೆಟ್ ನೀರಿನಲ್ಲಿ ಲೋಳೆ, ಹಿಕ್ಕೆ, ಅಮೋನಿಯಾ ತುಂಬಿರುವುದರಿಂದ ಕ್ಲೋರಿನ್ನನ್ನು ಮೊದಲು ಅವೇ ತಿಂದುಹಾಕುತ್ತವೆ. ಲೀಟರಿಗೆ 200 ಮಿಲಿಗ್ರಾಂ ಕ್ಲೋರಿನ್ ಸಿಗುವಂತೆ ಹಾಕಿ. ಹೊಸ ಪುಡಿಯಲ್ಲಿ ಶೇ. 30ರಷ್ಟು ಕ್ಲೋರಿನ್ ಇದ್ದರೆ 200 ಲೀಟರಿಗೆ ಸುಮಾರು 135 ಗ್ರಾಂ ಬೇಕು. ಬಾಯಿ ಬಿಚ್ಚಿಟ್ಟು ತೇವ ಹಿಡಿದ ಪುಡಿ ಕಸುವು ಕಳೆದುಕೊಂಡಿರುತ್ತದೆ, ಅದನ್ನು ನಂಬಬೇಡಿ. ಪುಡಿಯನ್ನು ಕೆಂಪು ಪಟ್ಟಿಯ ಬಕೆಟ್ಟಿನಲ್ಲಿ ನೀರು ಹಾಕಿ ಕಲಸಿ, ಡ್ರಮ್ಮಿಗೆ ಸುರಿದು ತಳದವರೆಗೆ ಕದಡಿ, ಒಂದು ಗಂಟೆ ಬಿಡಿ. ಕೈಗವಸು ಹಾಕಿಕೊಳ್ಳಿ, ಗಾಳಿ ಬೆನ್ನ ಹಿಂದಿನಿಂದ ಬೀಸುವಂತೆ ನಿಲ್ಲಿ, ಆಸಿಡ್ಡನ್ನು ಹತ್ತಿರಕ್ಕೂ ತರಬೇಡಿ. ಎರಡೂ ಬೆರೆತರೆ ವಿಷದ ಗಾಳಿ ಏಳುತ್ತದೆ.

ಗಂಟೆ ಕಳೆದ ಮೇಲೆ ಕ್ಲೋರೋಸ್ಕೋಪಿನಲ್ಲಿ ನೋಡಿ. ನೀರುಗಂಟಿಗಳು ನಲ್ಲಿ ನೀರು ಪರೀಕ್ಷಿಸುವ ಅದೇ ಪೆಟ್ಟಿಗೆ. ಬಣ್ಣವೇ ಬಾರದಿದ್ದರೆ ಕ್ಲೋರಿನ್ ಖರ್ಚಾಗಿದೆ ಎಂದರ್ಥ: ಮೊದಲು ಹಾಕಿದ್ದರ ಅರ್ಧದಷ್ಟು ಮತ್ತೆ ಹಾಕಿ, ಇನ್ನೊಂದು ಗಂಟೆ ಕಾಯಿರಿ. ಬಣ್ಣ ಬಂದರೆ ಮುಚ್ಚಳ ತೆಗೆದು ಬಿಸಿಲಿಗೆ ಇಡಿ, ಬಣ್ಣ ಪೂರ್ತಿ ಹೋಗುವವರೆಗೆ. ಹಲವು ದಿನ ಹಿಡಿದರೂ ಅವಸರ ಬೇಡ. ಆಮೇಲೂ ಒಣ ನೆಲಕ್ಕೇ ಚೆಲ್ಲಿ. ಉಪ್ಪು ಸೇರಿರುವುದರಿಂದ ಗದ್ದೆಗಾಗಲಿ ತೆಂಗಿನ ಬುಡಕ್ಕಾಗಲಿ ಬೇಡ. ಸೋಸಿದ ಬಟ್ಟೆಯಲ್ಲಿ ಉಳಿದದ್ದನ್ನು ಸುಣ್ಣ ಹಾಕಿ ಹೂಳಿ.

ಬಲೆಯನ್ನು ಬ್ಲೀಚಿಂಗ್ ನೀರಿನಲ್ಲಿ ನೆನೆಸಿದರೆ ನೂಲು ಲಡ್ಡಾಗುತ್ತದೆ. ಗಂಟುಗಳಲ್ಲಿ ಸಿಕ್ಕ ಕಳೆ ಬಿಡಿಸಿ, ಎರಡು ದಿನ ಸುಡುಬಿಸಿಲಿನಲ್ಲಿ ಹರಡಿ ಗರಿಗರಿಯಾಗಿ ಒಣಗಿಸಿ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೊರುವ ತೆಪ್ಪವನ್ನೂ ಮಗುಚಿ ಹಾಗೆಯೇ ಒಣಗಿಸಬೇಕು, ತಳದ ಹೆಣಿಗೆಯಲ್ಲಿ ಸಿಕ್ಕಿದ ಅಂತರಗಂಗೆಯ ಒಂದು ಕುಡಿ ಸಾಕು ಹಬ್ಬಲು.

ಕೃಷಿ ಹೊಂಡ ಇದ್ದವರು ಮರಿಗಳನ್ನು ಮೊದಲು ಅಲ್ಲಿ ಎರಡು ವಾರ ಇಟ್ಟು, ರೋಗ ಕಾಣದಿದ್ದರೆ ಮಾತ್ರ ಕೆರೆಗೆ ಬಿಡಿ. ಹೊಂಡದ ತೂಬಿಗೆ ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನ ಬಲೆ ಕಟ್ಟಿ, ಬೆಳಿಗ್ಗೆ ಸಂಜೆ ಉಜ್ಜಿ ತೊಳೆಯಿರಿ. ಕಸ ಕಟ್ಟಿಕೊಂಡರೆ ನೀರು ಬಲೆಯ ಮೇಲಿಂದ ಉಕ್ಕಿ ಹರಿದುಬಿಡುತ್ತದೆ.