ಆರು ತಿಂಗಳ ಮಗುವಿಗೆ ಮೊದಲ ರಾಗಿ ಸರಿ: ಮಾಡೋದು ಹೇಗೆ, ತಿನ್ನಿಸೋದು ಹೇಗೆ

ಮಗುವಿಗೆ ಆರು ತಿಂಗಳು ತುಂಬುತ್ತಿದ್ದ ಹಾಗೆ ಮನೆಗೆ ಬಂದವರೆಲ್ಲ ಕೇಳುವುದು ಒಂದೇ. ಸರಿ ಶುರು ಮಾಡಿದ್ಯಾ? ನನಗೆ ಇಬ್ಬರು ಮಕ್ಕಳು. ಮಗಳಿಗೆ ತಿನ್ನಿಸುವಾಗ ಆದ ತಪ್ಪುಗಳನ್ನು ಮಗನ ಹೊತ್ತಿಗೆ ತಿದ್ದಿಕೊಂಡೆ. ಹಿಟ್ಟು ಮಾಡುವುದು ಮನೆಯಲ್ಲಿ ಯಾರಿಗಾದರೂ ಗೊತ್ತಿರುತ್ತದೆ. ತಿನ್ನಿಸುವುದನ್ನು ಮಾತ್ರ ಯಾರೂ ಪಕ್ಕದಲ್ಲಿ ಕೂತು ಹೇಳಿಕೊಡುವುದಿಲ್ಲ. ಅದಕ್ಕೇ ಎರಡನ್ನೂ ಬರೆಯುತ್ತಿದ್ದೇನೆ.

ಮೊದಲು ಮಗು ತಯಾರಾಗಿದೆಯಾ ನೋಡಿ. ಆರು ತಿಂಗಳವರೆಗೆ ತಾಯಿ ಹಾಲು ಬಿಟ್ಟು ಬೇರೇನೂ ಬೇಡ, ನೀರು ಕೂಡ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಲ್ಕನೇ ತಿಂಗಳಿಗೇ ಯಾರಾದರೂ ಅವಸರ ಮಾಡಿದರೆ ಒಪ್ಪಬೇಡಿ. ಆರು ತಿಂಗಳಾದ ಮೇಲೆ ಸುಮ್ನೆ ಮುಂದೂಡುವುದೂ ಬೇಡ. ಹುಟ್ಟುವಾಗ ಮೈಯಲ್ಲಿ ತುಂಬಿಕೊಂಡು ಬಂದ ಕಬ್ಬಿಣಾಂಶ ಅಷ್ಟು ಹೊತ್ತಿಗೆ ಕರಗುತ್ತಾ ಬಂದಿರುತ್ತದೆ, ಬರೀ ಹಾಲಿನಿಂದ ಅದು ತುಂಬುವುದಿಲ್ಲ. ಮಗುವಿಗೆ ಕತ್ತು ನಿಂತಿರಬೇಕು. ಸೊಂಟಕ್ಕೆ ಆಸರೆ ಕೊಟ್ಟರೆ ಕೂರಬೇಕು. ನೀವು ಊಟ ಮಾಡುವಾಗ ತಟ್ಟೆಯನ್ನೇ ನೋಡುತ್ತಾ ಬಾಯಿ ಆಡಿಸುತ್ತದೆ, ಕೈ ಚಾಚುತ್ತದೆ. ನನ್ನ ಮಗ ಒಂದು ರಾತ್ರಿ ನನ್ನ ತೊಡೆಯ ಮೇಲೆ ಕೂತವನು ತಟ್ಟೆಯಲ್ಲಿದ್ದ ಮುದ್ದೆಗೇ ಕೈ ಹಾಕಿ ಹಿಸುಕಿದ. ಬೆರಳ ಸಂದಿಯಿಂದ ಹೊರಬಂದ ಮುದ್ದೆಯನ್ನು ಎಷ್ಟೋ ಹೊತ್ತು ನೋಡುತ್ತಾ ಕೂತ. ಮಾರನೇ ದಿನವೇ ನಾನು ರಾಗಿ ನೆನೆಸಿದೆ.

ಹಿಟ್ಟಿಗೆ ಅರ್ಧ ಕೆಜಿ ರಾಗಿ ಸಾಕು. ಜಾಸ್ತಿ ಮಾಡಿದರೆ ಹಳೆಯದಾಗುತ್ತದೆ. ಕಲ್ಲು ಆರಿಸಿ, ನಾಲ್ಕೈದು ನೀರಲ್ಲಿ ತೊಳೆಯಿರಿ, ಮೇಲೆ ತೇಲುವ ಜೊಳ್ಳನ್ನು ಚೆಲ್ಲಿ. ರಾತ್ರಿ ನೆನೆಹಾಕಿ ಬೆಳಗ್ಗೆ ನೀರು ಪೂರ್ತಿ ಬಸಿದು, ಒದ್ದೆ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ ಮುಚ್ಚಿಡಿ. ಬೇಸಿಗೆಯಲ್ಲಿ ಒಂದು ದಿನಕ್ಕೆ ಮೊಳಕೆ ಬರುತ್ತದೆ, ಚಳಿಗಾಲದಲ್ಲಿ ಎರಡು ದಿನ ಬೇಕಾಗಬಹುದು. ಬಟ್ಟೆ ಒಣಗಿದರೆ ಸ್ವಲ್ಪ ನೀರು ಚಿಮುಕಿಸಿ. ಬಿಚ್ಚಿದಾಗ ಸಣ್ಣ ಬಿಳಿ ಮೊಳಕೆ ಕಾಣಬೇಕು, ಹಸಿ ಕಾಳಿನ ವಾಸನೆ ಬರಬೇಕು. ಹುಳಿ ವಾಸನೆ ಬಂದರೆ ಅಥವಾ ಕೈಗೆ ಲೋಳೆ ಹತ್ತಿದರೆ ಅದನ್ನು ಮಗುವಿಗೆ ಬಳಸಬೇಡಿ. ಇನ್ನೊಮ್ಮೆ ನೆನೆಸಿ.

ಆಮೇಲೆ ಬಟ್ಟೆಯ ಮೇಲೆ ತೆಳ್ಳಗೆ ಹರಡಿ ನೆರಳಲ್ಲಿ ಒಣಗಿಸಿ. ಫ್ಯಾನ್ ಕೆಳಗೆ ಆದರೂ ಆಗುತ್ತದೆ. ಕಾಳನ್ನು ಹಲ್ಲಲ್ಲಿ ಕಡಿದರೆ ಕಟ್ ಅಂತ ಸದ್ದು ಬರುವಷ್ಟು ಒಣಗಬೇಕು, ಇಲ್ಲದಿದ್ದರೆ ಹಿಟ್ಟು ಮುಗ್ಗಲು ಹಿಡಿಯುತ್ತದೆ. ಅಂಗೈಯಲ್ಲಿ ಉಜ್ಜಿದರೆ ಒಣಗಿದ ಮೊಳಕೆ ಉದುರುತ್ತದೆ, ಮೊರದಲ್ಲಿ ಕೇರಿ ತೆಗೆಯಿರಿ. ಆಮೇಲೆ ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಹುರಿಯಿರಿ, ಕಪ್ಪಗಾಗುವಷ್ಟು ಬೇಡ. ಇದಕ್ಕೆ ಕಾರಣ ಇದೆ. ಮೊಳಕೆ ಬರುವಾಗ ಕಾಳಿನೊಳಗೆ ಪಿಷ್ಟವನ್ನು ಒಡೆಯುವ ಕಿಣ್ವ ಹುಟ್ಟಿಕೊಳ್ಳುತ್ತದೆ. ಅದರಿಂದಲೇ ಮೊಳಕೆ ರಾಗಿಯ ಸರಿ ಬರೀ ರಾಗಿ ಹಿಟ್ಟಿನ ಸರಿಯಷ್ಟು ಗಂಟಲಿಗೆ ಕಟ್ಟುವುದಿಲ್ಲ. ಅಂದರೆ ಅಷ್ಟೇ ತೆಳುವಾದ ಸರಿಗೆ ಹೆಚ್ಚು ಹಿಟ್ಟು ಹಾಕಬಹುದು, ಮಗುವಿನ ಪುಟ್ಟ ಹೊಟ್ಟೆಗೆ ಅಷ್ಟು ಹೆಚ್ಚು ಶಕ್ತಿ ಹೋಗುತ್ತದೆ. ತುಂಬ ಹುರಿದರೆ ಆ ಕಿಣ್ವ ಸತ್ತೇ ಹೋಗುತ್ತದೆ. ಮೊಳಕೆಯಿಂದ ಇನ್ನೊಂದು ಲಾಭ ಏನೆಂದರೆ, ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುವ ಫೈಟೇಟ್ ಅನ್ನುವ ಅಂಶವೂ ಕಡಿಮೆಯಾಗುತ್ತದೆ.

ಮಿಲ್ಲಿಗೆ ಕೊಡುವುದಾದರೆ ಮೊದಲು ಕೇಳಿ, ಇದಕ್ಕೆ ಮುಂಚೆ ಏನು ಬೀಸಿದ್ರಿ ಅಂತ. ಮೆಣಸಿನಕಾಯಿ ಬೀಸಿದ ಕಲ್ಲಿಗೆ ಮಗುವಿನ ರಾಗಿ ಹಾಕಿಸಬೇಡಿ. ನಾನು ಅಕ್ಕಿಯೋ ರಾಗಿಯೋ ಬೀಸುವವರೆಗೆ ಕಾದು ಅವರ ಹಿಂದೆ ನಿಲ್ಲುತ್ತಿದ್ದೆ. ಹಿಟ್ಟು ಆರಿದ ಮೇಲೆ ಅಗಲ ಪಾತ್ರೆಯ ಬಾಯಿಗೆ ತೊಳೆದು ಒಣಗಿಸಿದ ತೆಳು ಪಂಚೆ ಬಟ್ಟೆ ಬಿಗಿದು, ಒಂದೊಂದು ಹಿಡಿ ಹಾಕಿ ಅಂಗೈಯಿಂದ ಆಡಿಸಿ. ಸಿಪ್ಪೆಯೆಲ್ಲ ಬಟ್ಟೆಯ ಮೇಲೆ ಉಳಿದು ಮುಟ್ಟಿದರೆ ಪೌಡರಿನ ಹಾಗಿರುವ ಹಿಟ್ಟು ಕೆಳಗೆ ಬೀಳುತ್ತದೆ. ಮೇಲೆ ಉಳಿದ ತೌಡನ್ನು ರೊಟ್ಟಿಗೆ ಸೇರಿಸಿಕೊಳ್ಳಿ. ಡಬ್ಬದ ಮೇಲೆ ತಾರೀಕು ಬರೆದು ಫ್ರಿಜ್ಜಿನಲ್ಲಿಟ್ಟರೆ ಒಂದು ತಿಂಗಳು ನಿಶ್ಚಿಂತೆ. ಬಾದಾಮಿ, ಗೋಡಂಬಿ, ಹೆಸರುಕಾಳು, ಗೋಧಿ ಎಲ್ಲಾ ಸೇರಿಸಿ ಒಂದೇ ಹಿಟ್ಟು ಮಾಡಬೇಡಿ. ಮಗುವಿಗೆ ಏನಾದರೂ ಒಗ್ಗದೆ ಮೈಮೇಲೆ ದದ್ದು ಎದ್ದರೆ ಯಾವುದರಿಂದ ಅಂತ ಗೊತ್ತೇ ಆಗುವುದಿಲ್ಲ. ಒಂದು ಹೊಸ ಪದಾರ್ಥ, ಮೂರು ದಿನ, ಆಮೇಲೆ ಇನ್ನೊಂದು.

ಬೇಯಿಸುವುದು ಸುಲಭ. ಎರಡು ಟೀ ಚಮಚ ಹಿಟ್ಟನ್ನು ಅರ್ಧ ಲೋಟ ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ. ಬಿಸಿನೀರಿಗೆ ಹಿಟ್ಟು ಹಾಕಿದರೆ ಗಂಟಾಗುತ್ತದೆ. ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುಗಿಸುತ್ತಾ ಇರಿ. ಐದಾರು ನಿಮಿಷಕ್ಕೆ ಬಣ್ಣ ಗಾಢವಾಗಿ, ಮೇಲೆ ಹೊಳಪು ಬಂದು, ಹಸಿ ವಾಸನೆ ಹೋಗುತ್ತದೆ. ಇಳಿಸಿ ಕಾಲು ಚಮಚ ತುಪ್ಪ ಹಾಕಿ. ಉಪ್ಪು ಬೇಡ, ಸಕ್ಕರೆ ಬೇಡ, ಬೆಲ್ಲವೂ ಬೇಡ, ಒಂದು ವರ್ಷದವರೆಗೆ. ಜೇನುತುಪ್ಪವನ್ನಂತೂ ನಾಲಿಗೆಗೆ ಸವರಲೂ ಬೇಡಿ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ವರ್ಷದೊಳಗಿನ ಮಕ್ಕಳ ಕರುಳಲ್ಲಿ ವಿಷ ಮಾಡುತ್ತದೆ, ಅದಕ್ಕೆ ಬಾಟುಲಿಸಂ ಅನ್ನುತ್ತಾರೆ.

ಈಗ ನಾನು ಮಾಡಿದ ತಪ್ಪು. ಮಗಳಿಗೆ ಗಂಟಲಲ್ಲಿ ಸಿಕ್ಕಿಕೊಂಡೀತು ಅಂತ ಹೆದರಿ ಸರಿಯನ್ನು ಮಜ್ಜಿಗೆ ಹಾಗೆ ನೀರು ಮಾಡುತ್ತಿದ್ದೆ. ಮಧ್ಯಾಹ್ನ ಬೇಳೆಕಟ್ಟು, ಸಂಜೆ ಅನ್ನದ ಗಂಜಿ, ಅದೂ ನೀರೇ. ಹೊಟ್ಟೆ ತುಂಬುತ್ತಿತ್ತು, ಮೈಗೆ ಏನೂ ಹತ್ತುತ್ತಿರಲಿಲ್ಲ. ಎರಡು ತಿಂಗಳು ತೂಕ ನಿಂತಲ್ಲೇ ನಿಂತಿತು. ಅಂಗನವಾಡಿಯಲ್ಲಿ ತೂಕ ಹಾಕಿದ ಟೀಚರ್ ತಾಯಿ ಕಾರ್ಡಿನಲ್ಲಿ ಮಗುವಿನ ತೂಕ ಗುರುತು ಹಾಕುವ ಗೆರೆ ಮೇಲೆ ಬೆರಳಿಟ್ಟು ತೋರಿಸಿದರು. "ನೋಡಮ್ಮ, ಗೆರೆ ಮೇಲೆ ಹೋಗ್ತಾ ಇಲ್ಲ, ಮಲಗಿದೆ. ಚಮಚ ಓರೆ ಮಾಡಿದ್ರೆ ಸರಿ ಸುರಿದು ಹೋಗಬಾರದು, ಅಂಟಿಕೊಂಡು ನಿಧಾನಕ್ಕೆ ಜಾರಬೇಕು." ಆ ಒಂದು ಮಾತು ನನಗೆ ಎಷ್ಟು ಉಪಯೋಗಕ್ಕೆ ಬಂತು ಅಂದರೆ, ಈಗಲೂ ಯಾರಿಗೆ ಹೇಳಿಕೊಟ್ಟರೂ ಮೊದಲು ಅದನ್ನೇ ಹೇಳುತ್ತೇನೆ. ಮೊದಲ ಒಂದೆರಡು ದಿನ ತೆಳುವಾಗಿರಲಿ, ಆಮೇಲೆ ಗಟ್ಟಿ ಮಾಡುತ್ತಾ ಹೋಗಿ. (ನಮ್ಮ ರಾಜ್ಯದಲ್ಲಿ ಅಂಗನವಾಡಿ ಶುರುವಾಗಿದ್ದು 1975ರಲ್ಲಿ, ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಇಷ್ಟು ವರ್ಷ ಕಳೆದರೂ ಎಷ್ಟೋ ತಾಯಂದಿರು ಮಗುವನ್ನು ಅಲ್ಲಿಗೆ ತೂಕಕ್ಕೆ ಕರೆದುಕೊಂಡು ಹೋಗುವುದೇ ಇಲ್ಲ. ದಯವಿಟ್ಟು ತಿಂಗಳಿಗೊಮ್ಮೆ ಹೋಗಿ.)

ಇನ್ನು ತಿನ್ನಿಸುವುದು. ನಮ್ಮ ಮನೆಯಲ್ಲಿ ಅತ್ತೆಯವರ ಕಾಲದ ಬೆಳ್ಳಿ ಒಳಲೆ ಇದೆ, ಮಗುವಿಗೆ ಕುಡಿಸುವ ಮೂತಿಯ ಪುಟ್ಟ ಬಟ್ಟಲು. ಕಾಲು ಚಾಚಿ ಮಗುವನ್ನು ಕಾಲ ಮೇಲೆ ಮಲಗಿಸಿ, ಕೈ ಹಿಡಿದು, ಒಳಲೆಯ ಮೂತಿ ಬಾಯಿಗಿಟ್ಟು ಸುರಿಯುವುದು ಅವರಿಗೆ ಗೊತ್ತಿದ್ದ ರೀತಿ. ಅಳುವ ಮಗುವಿನ ಬಾಯಿಗೆ ಹಾಗೆ ಸುರಿದರೆ ಸರಿ ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ನನಗೆ ಅದು ಗೊತ್ತಿತ್ತು, ಆದರೆ ಹೇಗೆ ಹೇಳುವುದು? "ಒಳಲೇಲಿ ಹಾಕಮ್ಮ, ಎರಡು ನಿಮಿಷಕ್ಕೆ ಮುಗಿಯುತ್ತೆ" ಅಂದರು. ನಾನು ಮಗನನ್ನು ತೊಡೆಯ ಮೇಲೆ ನೇರವಾಗಿ ಕೂರಿಸಿಕೊಂಡು, "ಅತ್ತೆ, ಮೊದಲ ತುತ್ತು ನೀವೇ ಕೊಡಿ, ಈ ಚಮಚದಲ್ಲಿ" ಅಂತ ಬಟ್ಟಲನ್ನು ಅವರ ಕೈಗೆ ಕೊಟ್ಟೆ. ಅವರು ಚಮಚವನ್ನು ಅವನ ತುಟಿಯ ಹತ್ತಿರ ಹಿಡಿದು ಸುಮ್ಮನೆ ಕಾದರು. ಅವನು ಚಮಚ ನೋಡಿದ, ಅವರ ಮುಖ ನೋಡಿದ, ಮುಂದಕ್ಕೆ ಬಾಗಿ ತಾನೇ ಬಾಯಿ ತೆರೆದ. ಅರ್ಧ ಸರಿ ಗಲ್ಲದ ಮೇಲೆ ಇಳಿಯಿತು. ಅತ್ತೆ ಅದನ್ನು ಚಮಚದಿಂದ ಬಳಿದು ಮತ್ತೆ ಹಿಡಿದರು, ಮತ್ತೆ ಬಾಯಿ ತೆರೆದ. "ಅಯ್ಯೋ ನನ್ ಕಂದ, ಕೇಳ್ತಾ ಇದೆ ನೋಡೇ" ಅಂದರು. ಅವತ್ತಿಂದ ಒಳಲೆ ಕೇಳಲಿಲ್ಲ.

ನೀವೂ ಹಾಗೇ ಮಾಡಿ. ಚಮಚ ತೋರಿಸಿ, ಕಾಯಿರಿ, ಬಾಯಿ ತೆರೆದಾಗ ಕೊಡಿ. ಮೊದಲ ದಿನ ಎರಡು ಚಮಚ ಒಳಗೆ ಹೋದರೂ ಸಾಕು. ನಾಲಿಗೆಯಿಂದ ಹೊರಗೆ ತಳ್ಳಿದರೆ ಇಷ್ಟವಿಲ್ಲ ಅಂತ ಅಲ್ಲ. ಇಷ್ಟು ದಿನ ಹಾಲು ಚೀಪುವುದಕ್ಕೆ ಮಾತ್ರ ಆಡಿದ ನಾಲಿಗೆ, ಒಳಕ್ಕೆ ತಳ್ಳುವುದನ್ನು ಈಗ ಕಲಿಯುತ್ತಿದೆ. ಮುಖ ತಿರುಗಿಸಿದರೆ, ತುಟಿ ಬಿಗಿದರೆ, ಚಮಚ ತಳ್ಳಿದರೆ ಅಲ್ಲಿಗೆ ನಿಲ್ಲಿಸಿ. ಬಟ್ಟಲಲ್ಲಿ ಇನ್ನೂ ಉಳಿದಿದೆ ಅಂತ ತುರುಕಬೇಡಿ, ಮೊಬೈಲ್ ತೋರಿಸಿ ಬಾಯಿ ತೆರೆಸಬೇಡಿ. ಮೊಬೈಲ್ ನೋಡುವ ಮಗುವಿಗೆ ತನ್ನ ಹೊಟ್ಟೆ ತುಂಬಿದ್ದೂ ತಿಳಿಯುವುದಿಲ್ಲ. ಬೆಳಗ್ಗೆ ಹನ್ನೊಂದರ ಹೊತ್ತು ಒಳ್ಳೆಯದು, ನಿದ್ದೆ ಆಗಿರುತ್ತದೆ, ಜೋರು ಹಸಿವೂ ಇರುವುದಿಲ್ಲ, ಏನಾದರೂ ಒಗ್ಗದಿದ್ದರೆ ಹಗಲಿನಲ್ಲೇ ಗೊತ್ತಾಗುತ್ತದೆ.

ಹೊಸದರಲ್ಲಿ ಮಗು ಓಕರಿಸುತ್ತದೆ. ಮುಖ ಕೆಂಪಗಾಗಿ ಕೆಮ್ಮುತ್ತಾ ಸದ್ದು ಮಾಡುತ್ತಿದ್ದರೆ ತಾನೇ ಸರಿ ಮಾಡಿಕೊಳ್ಳುತ್ತದೆ, ಬಾಯಿಗೆ ಬೆರಳು ಹಾಕಬೇಡಿ. ಸದ್ದೇ ಇಲ್ಲದೆ, ಅಳಲೂ ಆಗದೆ, ತುಟಿ ನೀಲಿಯಾದರೆ ಅದು ಉಸಿರು ಕಟ್ಟಿದ್ದು. ಮುಂಗೈ ಮೇಲೆ ತಲೆ ಕೆಳಗಾಗಿ ಬೋರಲು ಮಲಗಿಸಿ, ದವಡೆಗೆ ಆಸರೆ ಕೊಟ್ಟು, ಬೆನ್ನಿನ ಮಧ್ಯೆ ಅಂಗೈ ಬುಡದಿಂದ ಐದು ಏಟು. ಹೋಗದಿದ್ದರೆ ಅಂಗಾತ ಮಾಡಿ ಎದೆಯ ನಡುವೆ ಎರಡು ಬೆರಳಿಂದ ಐದು ಸಲ ಒತ್ತಿ. ಹೊರಬರುವವರೆಗೆ ಎರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ, ಪಕ್ಕದವರಿಂದ 108ಕ್ಕೆ ಫೋನ್ ಮಾಡಿಸಿ. ಇದನ್ನು ಮಗು ನೋಡಿಕೊಳ್ಳುವ ಎಲ್ಲರೂ ಒಂದು ಸಲ ಬೊಂಬೆಯ ಮೇಲೆ ಮಾಡಿ ನೋಡಿರಬೇಕು, ಅಜ್ಜಿ ತಾತನೂ ಸೇರಿ.

ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ ಊಟ. ಎರಡು ಮೂರು ದೊಡ್ಡ ಚಮಚದಿಂದ ನಿಧಾನಕ್ಕೆ 125 ಎಂಎಲ್ ಬಟ್ಟಲಿನವರೆಗೆ ಬರಬೇಕು. ಒಂಬತ್ತು ತಿಂಗಳಿಂದ ಮೂರು ನಾಲ್ಕು ಸಲ. ತಾಯಿ ಹಾಲು ಎರಡು ವರ್ಷದವರೆಗೂ ಜೊತೆಯಲ್ಲೇ ಇರಲಿ.

ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಮೀರಿದ ಕ್ಯಾಲ್ಸಿಯಂ ಇದೆ, ನಿಜ. ಆದರೆ ಮೂರು ಹೊತ್ತೂ ಬರೀ ರಾಗಿ ಕೊಡಬೇಡಿ, ಕಬ್ಬಿಣಾಂಶಕ್ಕೆ ಅದೊಂದೇ ಸಾಲದು. ಎರಡನೇ ವಾರದಿಂದ ಅಕ್ಕಿ ಹೆಸರುಬೇಳೆ ಮೆತ್ತಗೆ ಬೇಯಿಸಿ ಕಿವುಚಿ ಕೊಡಿ, ಎರಡು ಹನಿ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ. ಕುಂಬಳಕಾಯಿ, ಸೊಪ್ಪು, ತಿನ್ನುವವರಾದರೆ ಚೆನ್ನಾಗಿ ಬೆಂದ ಮೊಟ್ಟೆ, ನುಣ್ಣಗೆ ಮಾಡಿದ ಕೋಳಿ ಮಾಂಸ, ಎಲ್ಲವೂ ಆಗುತ್ತದೆ. ಆಶಾ ಕಾರ್ಯಕರ್ತೆ ಆರು ತಿಂಗಳಿಂದ ಕೊಡುವ ಕಬ್ಬಿಣಾಂಶದ ಸಿರಪ್ಪನ್ನು ವಾರಕ್ಕೆ ಎರಡು ಸಲ, ಒಂದೊಂದು ಎಂಎಲ್, ತಪ್ಪದೆ ಹಾಕಿ. ಮನೆಯವರಿಗೆ ಸಾರು ಮಾಡುವಾಗ ಉಪ್ಪು ಖಾರ ಹಾಕುವ ಮೊದಲೇ ಬೆಂದ ಬೇಳೆ ತರಕಾರಿ ಒಂದು ಸೌಟು ಎತ್ತಿಟ್ಟರೆ ಮಗುವಿನ ಅಡುಗೆ ಮುಗಿದ ಹಾಗೇ.

ಎಂಟೊಂಬತ್ತು ತಿಂಗಳಿಗೆ ಮಗು ಚಮಚ ಕಸಿದುಕೊಳ್ಳುತ್ತದೆ. ಕಿತ್ತುಕೊಳ್ಳಬೇಡಿ, ಅದು ಊಟ ಕಲಿಯುವ ಮುಂದಿನ ಹೆಜ್ಜೆ. ನೆಲಕ್ಕೆ ಹಳೇ ಬೆಡ್‌ಶೀಟ್ ಹಾಸಿ. ಒಂದು ಚಮಚ ಅದರ ಕೈಗೆ ಕೊಡಿ, ಇನ್ನೊಂದರಲ್ಲಿ ನೀವು ತಿನ್ನಿಸುತ್ತಿರಿ, ತಟ್ಟೆಯಲ್ಲಿ ಎರಡು ಚೂರು ಮೆತ್ತನೆ ಇಡ್ಲಿ ಇಡಿ. ಹೆಬ್ಬೆರಳು ತೋರುಬೆರಳು ಸೇರಿಸಿ ಆ ಚೂರನ್ನು ಎತ್ತಿ ಬಾಯಿಗೆ ಇಟ್ಟುಕೊಂಡ ದಿನ, ತಾಯಿ ಕಾರ್ಡಿನ ಹಿಂದೆ ತಾರೀಕು ಬರೆದಿಡಿ.